ಕಾವೇರಿ, ಕಬಿನಿಯ ಕಾಡುನಡುಗಡ್ಡೆಗಳು: ಹೊರಡುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ರಂಗನತಿಟ್ಟು, ಕಾವೇರಿ ನಿಸರ್ಗಧಾಮ, ಕುರುವಾ. ಈ ಮೂರಕ್ಕೂ ಒಂದಕ್ಕಿಂತ ಜಾಸ್ತಿ ಸಲ ಹೋಗಿ ಬಂದಿದ್ದೇನೆ ಅಂತ ಗೊತ್ತಾದ ಮೇಲೆ ನೆಂಟರು, ಸ್ನೇಹಿತರು, ಸ್ನೇಹಿತರ ಸ್ನೇಹಿತರು ಎಲ್ಲರೂ ಹೊರಡುವ ಹಿಂದಿನ ರಾತ್ರಿ ಹತ್ತು ಗಂಟೆಗೆ ಮೆಸೇಜ್ ಹಾಕುತ್ತಾರೆ. ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಒಂದೇ ಕಡೆ ಬರೆದಿಟ್ಟರೆ ನಿಮಗೂ ಅನುಕೂಲ, ನನಗೂ ನಿದ್ದೆ.

ಮೂರೂ ಒಂದೇ ಥರದ ಜಾಗ ತಾನೆ? ಒಂದು ನೋಡಿದರೆ ಸಾಕಲ್ವಾ?

ಅಲ್ಲ. ಹೊಳೆ ನಡುವೆ ಮರ ಇರುವ ನೆಲ ಅನ್ನುವುದೊಂದೇ ಹೋಲಿಕೆ.

ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟು ಪಕ್ಷಿಧಾಮ. ಕಾವೇರಿಯಲ್ಲಿರುವ ಚಿಕ್ಕ ಚಿಕ್ಕ ತಿಟ್ಟುಗಳು, ಎಲ್ಲ ಸೇರಿಸಿದರೂ ಸುಮಾರು 40 ಎಕರೆ. ಇಲ್ಲಿ ನೀವು ದೋಣಿಯಲ್ಲಿ ಕೂತು ನೋಡುತ್ತೀರಿ, ತಿಟ್ಟಿನ ಮೇಲೆ ಕಾಲಿಡುವುದಿಲ್ಲ. ಕುಶಾಲನಗರದ ಹತ್ತಿರದ ನಿಸರ್ಗಧಾಮ ಸುಮಾರು 64 ಎಕರೆ. ತೂಗುಸೇತುವೆ ಮೇಲೆ ನಡೆದು ಹೋಗುತ್ತೀರಿ, ಒಳಗೆ ಬಿದಿರು ಮೆಳೆ, ತೇಗ, ಜಿಂಕೆ, ಮಕ್ಕಳ ಗಲಾಟೆ. ಮೂವರಲ್ಲಿ ಇದು ಸಾಧು. ಕುರುವಾ ಇರುವುದು ಕೇರಳದ ವಯನಾಡಿನಲ್ಲಿ, ಕಬಿನಿಯ ಮಧ್ಯೆ. ಸುಮಾರು 950 ಎಕರೆ, ಜನವಸತಿ ಇಲ್ಲ. ನಡುನಡುವೆ ಹೊಳೆಯ ಸೀಳುಗಳು ಹರಿಯುವ ದಟ್ಟ ಕಾಡು. ಬಿದಿರಿನ ತೆಪ್ಪದಲ್ಲಿ ದಾಟಿ ಒಳಗೆ ನಡೆಯಬೇಕು.

ಹಾಗೆ ನೋಡಿದರೆ ಶ್ರೀರಂಗಪಟ್ಟಣ, ಶಿವನಸಮುದ್ರ ಕೂಡ ಹೊಳೆಯ ದ್ವೀಪಗಳೇ. ಆದರೆ ಅಲ್ಲಿ ಊರು, ದೇವಸ್ಥಾನ ಎಲ್ಲ ಇವೆ. ಅದು ಬೇರೆ ಕಥೆ.

ಕುರುವಾ ಅಂದರೆ ಏನು?

ಹೊನ್ನಾವರದ ಕಡೆಯವರನ್ನು ಕೇಳಿ, ಥಟ್ಟಂತ ಹೇಳುತ್ತಾರೆ. ಹೊಳೆ ನಡುವಿನ ನೆಲಕ್ಕೆ ಅಲ್ಲಿ ಕುರ್ವೆ ಅನ್ನುತ್ತಾರೆ, ಶರಾವತಿಯಲ್ಲಿ ಮಾವಿನಕುರ್ವೆ ಅಂತ ಊರೇ ಇದೆ. ತುಳುವರಿಗೆ ಅದು ಕುದ್ರು. ಹಾಗಾಗಿ 'ಕುರುವಾ ದ್ವೀಪ' ಅಂದಾಗಲೆಲ್ಲ ನನಗೆ 'ಗೇಟ್ ಬಾಗಿಲು' ಅಂದ ಹಾಗೆ ಕೇಳಿಸುತ್ತದೆ.

ಯಾವ ತಿಂಗಳು ಒಳ್ಳೆಯದು?

ಡಿಸೆಂಬರಿನಿಂದ ಮೇ ತನಕ ಧೈರ್ಯವಾಗಿ ಪ್ಲಾನ್ ಮಾಡಿ. ಜೂನ್‌ನಿಂದ ಅಕ್ಟೋಬರ್ ತನಕ ಹೊಳೆ ಏನು ಹೇಳುತ್ತದೋ ಅದು.

ರಂಗನತಿಟ್ಟಿಗೆ ನಾನು ಆರಿಸುವುದು ಫೆಬ್ರವರಿ, ಮಾರ್ಚ್. ಚಳಿಗಾಲಕ್ಕೆ ಬಂದ ವಲಸೆ ಹಕ್ಕಿಗಳಲ್ಲಿ ಕೆಲವು ಇನ್ನೂ ಇರುತ್ತವೆ, ಬಣ್ಣದ ಕೊಕ್ಕರೆಗಳು ಆಗಲೇ ಗೂಡು ಕಟ್ಟಿರುತ್ತವೆ. ಬಿಸಿಲು ಏರಿದ ಮೇಲೆ ಹೋದರೆ ಒಂದು ನೋಟ ಸಿಗುತ್ತದೆ: ತಾಯಿಯೋ ತಂದೆಯೋ ಗೂಡಿನ ಅಂಚಿನಲ್ಲಿ ಸೂರ್ಯನಿಗೆ ಬೆನ್ನು ಹಾಕಿ ನಿಂತು ಎರಡೂ ರೆಕ್ಕೆಯನ್ನು ಅರ್ಧ ಬಿಚ್ಚಿ ಹಿಡಿದಿರುತ್ತದೆ, ಕೆಳಗಿನ ನೆರಳಿನಲ್ಲಿ ಬೂದುಬಣ್ಣದ ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತವೆ. ನೆರಳು ಸರಿದ ಹಾಗೆ ಅದೂ ಸರಿಯುತ್ತದೆ. ದೋಣಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಸಿಗುತ್ತದಲ್ಲ, ಅದರಲ್ಲಿ ಐದು ನಿಮಿಷ ಒಂದೇ ಗೂಡನ್ನು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಯಾರೂ ಕೇಳುವುದಿಲ್ಲ, ಎಲ್ಲರಿಗೂ ಮೊಸಳೆ ಬೇಕು.

ಕುರುವಾ ಮಳೆಗಾಲದಲ್ಲಿ ಮುಚ್ಚಿರುತ್ತದೆ, ತೆಪ್ಪ ನಿಲ್ಲುವ ಹಾಗೇ ಇರುವುದಿಲ್ಲ.

ಇಲ್ಲಿ ಮಳೆಯೇ ಇಲ್ಲ, ಆದರೂ ದೋಣಿ ಬಂದ್ ಅಂತಾರಲ್ಲ?

ಇದು ಎಲ್ಲರೂ ಎಡವುವ ಜಾಗ, ನಾನೂ ಎಡವಿದ್ದೇನೆ. ಆಗಸ್ಟಿನ ಒಂದು ಭಾನುವಾರ, ಮೈಸೂರಿನಲ್ಲಿ ಚೆನ್ನಾಗಿ ಬಿಸಿಲಿತ್ತು. ಒಂದು ಫೋನ್ ಮಾಡದೆ ಮನೆಮಂದಿಯನ್ನೆಲ್ಲ ಕಾರಿಗೆ ತುಂಬಿಕೊಂಡು ರಂಗನತಿಟ್ಟಿಗೆ ಹೋದೆ. ದೋಣಿಗಳನ್ನು ದಡಕ್ಕೆ ಕಟ್ಟಿಹಾಕಿದ್ದರು. ತಿಟ್ಟುಗಳು ಕಾಣಲೇ ಇಲ್ಲ, ಕೆಂಪು ನೀರಿನಿಂದ ಮರದ ತಲೆಗಳಷ್ಟೇ ಎದ್ದು ನಿಂತಿದ್ದವು. ವಾಪಸ್ ಬರುವಾಗ ಕಾರಿನಲ್ಲಿ ನನ್ನ ಜತೆ ಯಾರೂ ಮಾತಾಡಲಿಲ್ಲ.

ಆಗುವುದು ಇಷ್ಟು. ಮಳೆ ಬೀಳುವುದು ಭಾಗಮಂಡಲ, ಮಡಿಕೇರಿಯ ಬೆಟ್ಟದಲ್ಲಿ. ಆ ನೀರು ಮೊದಲು ನಿಸರ್ಗಧಾಮದ ಪಕ್ಕ ಹಾದು, ಮುಂದೆ ಕೆಆರ್‌ಎಸ್ ಸೇರುತ್ತದೆ. ಅಣೆಕಟ್ಟು ತುಂಬುವ ತನಕ ಕೆಳಗಿನ ರಂಗನತಿಟ್ಟಿಗೆ ಏನೂ ಗೊತ್ತಾಗುವುದಿಲ್ಲ. 124.80 ಅಡಿ ಅದರ ತುಂಬಿದ ಮಟ್ಟ. ಅದರ ಹತ್ತಿರ ಬಂತು ಅಂದರೆ ಗೇಟು ಎತ್ತುತ್ತಾರೆ, ಕೆಲವೇ ಗಂಟೆಗಳಲ್ಲಿ ತಿಟ್ಟು ಮುಳುಗುತ್ತದೆ. 2019ರ ಆಗಸ್ಟಿನಲ್ಲೂ ಹೀಗೇ ಆಗಿ ದೋಣಿ ನಿಲ್ಲಿಸಬೇಕಾಯಿತು.

ಆದ್ದರಿಂದ ನಿಸರ್ಗಧಾಮಕ್ಕೆ ಹೋಗುವವರು ಕೊಡಗಿನ ಮಳೆ ನೋಡಿ. ರಂಗನತಿಟ್ಟಿಗೆ ಹೋಗುವವರು ಕೆಆರ್‌ಎಸ್ ಹೊರಹರಿವು ನೋಡಿ. ಕುರುವಾಕ್ಕೆ ಹೋಗುವವರು ವಯನಾಡಿನ ಮಳೆಯ ಜತೆ ಬಾಣಾಸುರ ಸಾಗರ ಅಣೆಕಟ್ಟಿನ ಸುದ್ದಿಯನ್ನೂ ನೋಡಿ, ಅಲ್ಲಿ ಬಿಟ್ಟ ನೀರು ಪನಮರಂ ಹೊಳೆ ಹಿಡಿದು ಇಲ್ಲಿಗೇ ಬರುವುದು.

ಪೇಪರಿನಲ್ಲಿ ಕ್ಯುಸೆಕ್ ಅಂತ ಹಾಕುತ್ತಾರೆ. ಎಷ್ಟಿದ್ದರೆ ಹೋಗಬಹುದು?

ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 50,000 ಕ್ಯುಸೆಕ್ ಬಿಟ್ಟಿದ್ದಾರೆ ಅಂದರೆ ನಿಮ್ಮ ಮುಂದೆ ಪ್ರತಿ ಸೆಕೆಂಡಿಗೆ 14 ಲಕ್ಷ ಲೀಟರ್ ಹೋಗುತ್ತಿದೆ. ಹುಟ್ಟು ಹಾಕುವ ದೋಣಿಗೆ ಅದು ಆಟದ ಜಾಗವಲ್ಲ. ಇಷ್ಟು ದಾಟಿದರೆ ಬಂದ್ ಅನ್ನುವ ಗೆರೆಯನ್ನು ನಾವು ಹಾಕಿಕೊಳ್ಳಬೇಕಾಗಿಲ್ಲ. ಹೊರಹರಿವು ಏರುತ್ತಿದೆ ಅನ್ನುವ ಸುದ್ದಿ ಬಂದ ವಾರ ಫೋನ್ ಮಾಡದೆ ಹೊರಡಬೇಡಿ, ಸಾಕು.

ರಂಗನತಿಟ್ಟಿನಲ್ಲಿ ತಿಟ್ಟಿನ ಮೇಲೆ ಐದು ನಿಮಿಷ ಇಳಿಸಿದರೆ ಏನಾಗುತ್ತದೆ?

ಐದು ನಿಮಿಷ ಸಾಕು ಕೆಡಿಸುವುದಕ್ಕೆ. ಮನುಷ್ಯ ಕೆಳಗೆ ಬಂದ ಅಂದರೆ ಕೊಕ್ಕರೆ, ಹೆಜ್ಜಾರ್ಲೆ, ಚಮಚದ ಕೊಕ್ಕು ಎಲ್ಲ ಒಟ್ಟಿಗೆ ಎದ್ದು ಹಾರುತ್ತವೆ. ಮೊಟ್ಟೆ, ಮರಿ ಬಿಸಿಲಿಗೆ ಬೀಳುತ್ತವೆ. ಕಾಗೆ, ಹದ್ದು ಇದಕ್ಕೇ ಕಾಯುತ್ತಿರುತ್ತವೆ. ಗಾಬರಿಯಲ್ಲಿ ದೊಡ್ಡ ಮರಿಗಳು ಗೂಡಿನಿಂದ ಜಾರಿ ನೀರಿಗೆ ಬಿದ್ದರೆ ಮೊಸಳೆಗೆ ಊಟ.

ಮರದ ಮೇಲಿರುವುದಕ್ಕಾದರೂ ಸ್ವಲ್ಪ ರಕ್ಷಣೆ ಉಂಟು. ರೀವ ಅಂತ ಒಂದು ಹಕ್ಕಿ ಇದೆ, ಕಪ್ಪು ಟೋಪಿ, ಹಳದಿ ಕೊಕ್ಕು, ಸೀಳು ಬಾಲ. ಅದಕ್ಕೆ ಗೂಡೇ ಇಲ್ಲ. ನೀರು ಇಳಿದಾಗ ಬಂಡೆ ಮೇಲೆ, ಮರಳಿನ ಮೇಲೆ ಸುಮ್ನೆ ಮೊಟ್ಟೆ ಇಟ್ಟುಬಿಡುತ್ತದೆ. ಮೊಟ್ಟೆಯ ಬಣ್ಣ ಕಲ್ಲಿನ ಬಣ್ಣವೇ, ಚುಕ್ಕಿ ಸಮೇತ. ದೋಣಿಯವರು ಒಮ್ಮೆ ಒಂದು ಬಂಡೆ ತೋರಿಸಿ 'ಅಲ್ಲೇ ಇದೆ ನೋಡಿ' ಅಂದರು. ನಾನು ಮೂರು ಸಲ ನೋಡಿದೆ. ಹಕ್ಕಿ ಕೂತ ಮೇಲೆ ಮೊಟ್ಟೆ ಎಲ್ಲಿತ್ತು ಅಂತ ಗೊತ್ತಾಯಿತು. ಇಂಥ ಕಡೆ ನೀವು ಇಳಿದರೆ ತುಳಿದದ್ದೂ ನಿಮಗೆ ಗೊತ್ತಾಗುವುದಿಲ್ಲ.

ಇದನ್ನು ಪಕ್ಷಿಧಾಮ ಮಾಡಿದ್ದು ಯಾರು?

ತಿಟ್ಟುಗಳೇ ಅರ್ಧ ಮನುಷ್ಯ ಮಾಡಿದ್ದು. 17ನೇ ಶತಮಾನದ ಮಧ್ಯದಲ್ಲಿ ಮೈಸೂರು ಅರಸರ ಕಾಲದಲ್ಲಿ ಕಾವೇರಿಗೆ ಒಡ್ಡು ಕಟ್ಟಿದರು, ನೀರು ನಿಂತು ಹರಡಿ ಎತ್ತರದ ನೆಲ ತಿಟ್ಟಾಗಿ ಉಳಿಯಿತು. ನಾಲೆಗೆ ಅಂತ ಕಟ್ಟಿದ್ದು ಹಕ್ಕಿಗೆ ಆಯಿತು. ಪಕ್ಷಿತಜ್ಞ ಸಲೀಂ ಅಲಿ ಇಲ್ಲಿ ಗೂಡುಗಳನ್ನು ನೋಡಿ ಮೈಸೂರು ಮಹಾರಾಜರಿಗೆ ಹೇಳಿದರು, 1940ರಲ್ಲಿ ರಕ್ಷಿತ ಜಾಗ ಆಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಕರ್ನಾಟಕದಿಂದ ಆ ಪಟ್ಟಿಗೆ ಹೋದ ಮೊದಲ ಜಾಗ ಇದೇ.

ಮೊಸಳೆ ಇದೆಯಲ್ಲ, ದೋಣಿ ಸೇಫಾ?

ಸೇಫ್. ಕೈ, ಕಾಲು, ಮಗು ಮೂರೂ ದೋಣಿ ಒಳಗಿರಬೇಕು ಅಷ್ಟೇ. ಬಂಡೆ ಮೇಲೆ ಬಾಯಿ ತೆರೆದು ಕಲ್ಲಿನ ಹಾಗೆ ಮಲಗಿರುತ್ತದಲ್ಲ, ಅದು ನಿಮ್ಮನ್ನು ಹೆದರಿಸುವುದಕ್ಕಲ್ಲ, ಮೈ ಬಿಸಿ ಕಳೆದುಕೊಳ್ಳುವುದಕ್ಕೆ. 'ನಿಜವಾದದ್ದಾ, ಬೊಂಬೆಯಾ' ಅಂತ ಪ್ರತಿ ದೋಣಿಯಲ್ಲೂ ಒಬ್ಬರು ಕೇಳುತ್ತಾರೆ. ನಿಜವಾದದ್ದು. ಲೈಫ್ ಜಾಕೆಟ್ ಕೊಟ್ಟರೆ ಗುಂಡಿ ಹಾಕಿಕೊಳ್ಳಿ, ಫೋಟೋಗೋಸ್ಕರ ಬಿಚ್ಚಬೇಡಿ, ದೋಣಿಯಲ್ಲಿ ಎದ್ದು ನಿಲ್ಲಬೇಡಿ. ಎಲ್ಲರೂ ಒಂದೇ ಪಕ್ಕಕ್ಕೆ ವಾಲಿದಾಗ ದೋಣಿಯವರ ಮುಖ ನೋಡಿ, ಅಪಾಯ ಯಾವುದು ಅಂತ ತಿಳಿಯುತ್ತದೆ.

ಕುರುವಾ ಸುತ್ತ ನೀರಿದೆ, ಆನೆ ಹೇಗೆ ಬರುತ್ತದೆ?

ಈಜಿಕೊಂಡು. ಆನೆ ಒಳ್ಳೆಯ ಈಜುಗಾರ, ಸೊಂಡಿಲನ್ನು ಮೇಲೆತ್ತಿ ಉಸಿರಾಡುತ್ತಾ ಆಳದ ನೀರನ್ನೂ ದಾಟುತ್ತದೆ. ಬೇಸಿಗೆಯಲ್ಲಿ ಈಜುವುದೂ ಬೇಡ, ಮೊಣಕಾಲು ನೀರು. ಕಬಿನಿಯ ಎರಡೂ ಕಡೆ ಕಾಡು, ಬಿದಿರು ಇರುವುದು ದ್ವೀಪದಲ್ಲಿ. ಬಾರದೆ ಇರುತ್ತದಾ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ಫೆಬ್ರವರಿಯಲ್ಲಿ ಕುರುವಾದ ಪರಿಸರ ಪ್ರವಾಸೋದ್ಯಮದಲ್ಲಿ ಕೆಲಸ ಮಾಡುತ್ತಿದ್ದ ಸ್ಥಳೀಯರೊಬ್ಬರು ಆನೆ ದಾಳಿಗೆ ಸಿಕ್ಕಿ ತೀರಿಕೊಂಡರು. ಅಲ್ಲೇ ಕೆಲಸ ಮಾಡಿ ದಾರಿ ಗೊತ್ತಿದ್ದವರು. ತಿಂಗಳುಗಟ್ಟಲೆ ಪ್ರವೇಶ ನಿಂತಿತ್ತು. ಮತ್ತೆ ತೆರೆದಾಗ ದಿನಕ್ಕೆ ಇಂತಿಷ್ಟೇ ಜನ ಅನ್ನುವ ಮಿತಿ ಬಂತು. ಆದ್ದರಿಂದ ಸಿಬ್ಬಂದಿ 'ಈ ಕಡೆ ಬೇಡ, ವಾಪಸ್' ಅಂದರೆ ಯಾಕೆ ಅಂತ ವಾದ ಮಾಡದೆ ವಾಪಸ್ ಬನ್ನಿ. ಹಸಿ ಲದ್ದಿ, ಆಗಷ್ಟೇ ಮುರಿದ ಬಿದಿರು, ಇವು ಅವರ ಕಣ್ಣಿಗೆ ಮೊದಲು ಬೀಳುತ್ತವೆ.

ಕುರುವಾಕ್ಕೆ ಕರ್ನಾಟಕದಿಂದ ಹೋಗುವುದು ಹೇಗೆ?

ಎರಡು ಬಾಗಿಲು. ಮಾನಂದವಾಡಿ ಕಡೆಯಿಂದ ಪಾಲ್ವೆಳಿಚ್ಚಂ, ಪುಲ್ಪಳ್ಳಿ ಕಡೆಯಿಂದ ಪಾಕ್ಕಂ. ಗೂಗಲ್ ಮ್ಯಾಪಿನಲ್ಲಿ ಸುಮ್ನೆ ಕುರುವಾ ಅಂತ ಹೊಡೆದು ಹೊರಟರೆ ಯಾವ ದಡಕ್ಕೆ ಕರೆದುಕೊಂಡು ಹೋಗುತ್ತದೋ ಅದೇ ನಿಮ್ಮ ಹಣೆಬರಹ, ಈ ದಡದಿಂದ ಆ ದಡಕ್ಕೆ ರಸ್ತೆಯಲ್ಲಿ ಸುತ್ತಿಕೊಂಡು ಹೋಗುವಷ್ಟರಲ್ಲಿ ಟಿಕೆಟ್ ಮುಗಿದಿರುತ್ತದೆ. ಮೊದಲೇ ಬಾಗಿಲು ಗೊತ್ತು ಮಾಡಿಕೊಳ್ಳಿ. ದಿನದ ಮಿತಿ ಇರುವುದರಿಂದ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು.

ಮೈಸೂರಿನಿಂದ ಎಚ್.ಡಿ. ಕೋಟೆ, ಬಾವಲಿ ಮೇಲೆ ಹೋಗುವ ರಸ್ತೆ ನಾಗರಹೊಳೆ ಕಾಡಿನೊಳಗೆ ಹಾಯುತ್ತದೆ, ಸಂಜೆ 6ರಿಂದ ಬೆಳಗ್ಗೆ 6ರ ತನಕ ಮುಚ್ಚಿರುತ್ತದೆ. ಗುಂಡ್ಲುಪೇಟೆ, ಬಂಡೀಪುರ, ಸುಲ್ತಾನ್ ಬತ್ತೇರಿ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ವಾಹನ ಬಿಡುವುದಿಲ್ಲ. ಒಂದೇ ದಿನದಲ್ಲಿ ಹೋಗಿ ಬರುತ್ತೇವೆ ಅನ್ನುವವರು ಈ ಲೆಕ್ಕ ತಪ್ಪಿ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಹಿಂದಿನ ದಿನವೇ ಮಾನಂದವಾಡಿಯಲ್ಲಿ ಉಳಿಯುವುದು ನೆಮ್ಮದಿ.

ಕಾಲಿಗೆ ಏನು ಹಾಕಬೇಕು?

ರಂಗನತಿಟ್ಟು, ನಿಸರ್ಗಧಾಮಕ್ಕೆ ಏನು ಬೇಕಾದರೂ. ಕುರುವಾಕ್ಕೆ ಹಿಂದೆ ಪಟ್ಟಿ ಇರುವ, ನೆನೆದರೂ ಪರವಾಗಿಲ್ಲ ಅನ್ನುವ ಸ್ಯಾಂಡಲ್. ಒಳಗೆ ಸೀಳುಗಳನ್ನು ನೀರಲ್ಲೇ ನಡೆದು ದಾಟಬೇಕಾಗುತ್ತದೆ. ಗುಂಡುಕಲ್ಲುಗಳ ಮೇಲೆ ಪಾಚಿ, ಮೇಲಿನಿಂದ ನೋಡಿದರೆ ಒಣಗಿದ ಹಾಗೇ ಕಾಣುತ್ತದೆ. ಹವಾಯಿ ಚಪ್ಪಲಿ ಹಾಕಿಕೊಂಡು ಹೋದ ನನ್ನ ಎಡಗಾಲಿನದು ಮೊದಲ ಸೀಳಿನಲ್ಲೇ ಕಳಚಿಕೊಂಡು ತೇಲಿತು. ಕಬಿನಿ ಮುಂದೆ ಟಿ. ನರಸೀಪುರದಲ್ಲಿ ಕಾವೇರಿಗೆ ಸೇರುತ್ತದಲ್ಲ, ಚಪ್ಪಲಿ ನನಗಿಂತ ಮೊದಲು ಕರ್ನಾಟಕ ಮುಟ್ಟಿರಬೇಕು. ಬಲಗಾಲಿನದನ್ನು ಕೈಯಲ್ಲಿ ಹಿಡಿದು ಉಳಿದ ದಾರಿಯನ್ನು ಬರಿಗಾಲಲ್ಲಿ ನಡೆದೆ.

ನೆಲ ಒದ್ದೆ ಇದ್ದರೆ ಜಿಗಣೆ ಗ್ಯಾರಂಟಿ. ಉಪ್ಪು ಇಟ್ಟುಕೊಳ್ಳಿ. ಹತ್ತಿದರೆ ಕಿತ್ತು ಎಳೆಯಬೇಡಿ, ಉಗುರಿನಿಂದ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ.

ವಯಸ್ಸಾದವರು, ಚಿಕ್ಕಮಕ್ಕಳು?

ಅಜ್ಜಿ, ತಾತ ಇದ್ದರೆ ರಂಗನತಿಟ್ಟು. ದೋಣಿ ಹತ್ತಿಸುವಾಗ ಒಬ್ಬರು ಕೈ ಹಿಡಿದರಾಯಿತು. ಮಕ್ಕಳಿಗೆ ನಿಸರ್ಗಧಾಮ, ತೂಗುಸೇತುವೆ ಅಲ್ಲಾಡುವುದೇ ಅವರಿಗೆ ಸಂಭ್ರಮ. ಮಂಡಿನೋವು ಇರುವವರನ್ನು ಕುರುವಾಕ್ಕೆ ಕರೆದುಕೊಂಡು ಹೋಗಬೇಡಿ.

ಸ್ವಲ್ಪ ನೀರಿಗಿಳಿಯಬಹುದಾ?

ಬೇಡ. ಮೊಸಳೆ ಬಿಡಿ, ಅದಕ್ಕಿಂತ ಮೋಸ ಮಾಡುವುದು ಹೊಳೆಯ ತಳ. ಮೊಣಕಾಲು ನೀರಿನಲ್ಲಿ ಎರಡು ಹೆಜ್ಜೆ ಮುಂದಿಟ್ಟರೆ ಮರಳು ಕೊಚ್ಚಿಹೋದ ಗುಂಡಿ ಇರುತ್ತದೆ, ಬಂಡೆಗಳ ನಡುವೆ ಸೆಳೆತ ಇರುತ್ತದೆ. ಮೇಲೆ ನೋಡಿದರೆ ಹೊಳೆ ನಿದ್ದೆ ಮಾಡುವ ಹಾಗಿರುತ್ತದೆ. ಕುರುವಾದಲ್ಲಿ ಸಿಬ್ಬಂದಿ ತೋರಿಸಿದ ಕಡೆ, ತೋರಿಸಿದ ಸಾಲಿನಲ್ಲಿ ದಾಟುವುದು ಬೇರೆ, ನಾವೇ ಜಾಗ ಹುಡುಕಿ ಇಳಿಯುವುದು ಬೇರೆ.

ದುಬಾರೆಯೂ ದ್ವೀಪವಾ?

ಅಲ್ಲ, ಅದು ಕಾವೇರಿಯ ಆಚೆ ದಡದ ಆನೆ ಶಿಬಿರ. ದೋಣಿಯಲ್ಲಿ ದಾಟುವುದರಿಂದ ಜನ ದ್ವೀಪ ಅಂದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಕಲ್ಲಿನ ಮೇಲೆ ಹಾರಿ ದಾಟುವವರಿಗೂ ಮೇಲಿನ ಉತ್ತರವೇ.

ಕ್ಯಾಮೆರಾ, ಡ್ರೋನ್?

ಕ್ಯಾಮೆರಾ ಒಯ್ಯಬಹುದು. ರಂಗನತಿಟ್ಟಿನಲ್ಲಿ ಅದಕ್ಕೆ ಬೇರೆ ಟಿಕೆಟ್, ಪ್ರವೇಶಕ್ಕೆ ಬೇರೆ, ದೋಣಿಗೆ ಬೇರೆ. ಗೇಟಿನಲ್ಲಿ ಒಂದು, ಜೆಟ್ಟಿಯಲ್ಲಿ ಇನ್ನೊಂದು ಅಂತ ಮುಖ ಸಿಂಡರಿಸಬೇಡಿ. ದೊಡ್ಡ ಲೆನ್ಸ್ ತಂದವರು ಸ್ಪೆಷಲ್ ದೋಣಿ ತೆಗೆದುಕೊಂಡರೆ ಒಳ್ಳೆಯದು, ಎಲ್ಲರ ಜತೆ ಕೂತರೆ ನಿಮ್ಮ ಚಿತ್ರದಲ್ಲಿ ಕೊಕ್ಕರೆಗಿಂತ ಪಕ್ಕದವರ ಮೊಣಕೈ ಜಾಸ್ತಿ ಬರುತ್ತದೆ.

ಡ್ರೋನ್ ಬೇಡವೇ ಬೇಡ. ಅನುಮತಿ ಇಲ್ಲದೆ ಹಾರಿಸಿದರೆ ಕೇಸು, ಅದಿರಲಿ, ಕೊಕ್ಕರೆಗೆ ಅದು ಹದ್ದು.

ಊಟ ಒಯ್ಯಬಹುದಾ? ಜಿಂಕೆಗೆ ಬಿಸ್ಕತ್ ಹಾಕಬಹುದಾ?

ಊಟ ಹೊರಗೆ ಮುಗಿಸಿಕೊಂಡು ಹೋಗಿ. ನೀರಿನ ಬಾಟಲಿ ಒಯ್ದರೆ ಅದೇ ಬಾಟಲಿ ವಾಪಸ್ ಬರಬೇಕು. ಹೊಳೆ ನಡುವಿನ ಜಾಗದಲ್ಲಿ ಎಸೆದ ಚಿಪ್ಸ್ ಕವರ್ ಅಲ್ಲೇ ಇರುವುದಿಲ್ಲ, ಮುಂದಿನ ನೆರೆಯಲ್ಲಿ ಯಾವುದೋ ಹೊಳೆಮತ್ತಿ ಮರದ ಕೊಂಬೆಗೆ ಸಿಕ್ಕಿ ವರ್ಷಗಟ್ಟಲೆ ನೇತಾಡುತ್ತದೆ. ನೀರು ಇಳಿದ ಮೇಲೆ ತಲೆ ಎತ್ತಿ ನೋಡಿ, ನೆರೆ ಎಲ್ಲಿಯ ತನಕ ಬಂದಿತ್ತು ಅಂತ ಆ ಕವರುಗಳೇ ಹೇಳುತ್ತವೆ.

ಬಿಸ್ಕತ್ ಜಿಂಕೆಗೂ ಬೇಡ, ಕೋತಿಗಂತೂ ಬೇಡ. ಇವತ್ತು ನೀವು ಪ್ರೀತಿಯಿಂದ ಕೊಡುತ್ತೀರಿ, ನಾಳೆ ಬಂದ ಮಗುವಿನ ಕೈಯಿಂದ ಅದು ಕಿತ್ತುಕೊಳ್ಳುತ್ತದೆ.

ಬಿದ್ದ ಮರ, ಕಸಕಡ್ಡಿ ಹಾಗೇ ಇದೆ, ಯಾಕೆ ಕ್ಲೀನ್ ಮಾಡಲ್ಲ?

ಒಳ್ಳೆಯ ಪ್ರಶ್ನೆ. ಬಿದ್ದ ಮರವೇ ಆ ನೆಲಕ್ಕೆ ತಡೆಗೋಡೆ. ನೆರೆ ಬಂದಾಗ ನೀರಿನ ರಭಸ ಮುರಿಯುವುದು ಅದು, ಅದರ ಹಿಂದೆ ಮಣ್ಣು ಕೂರುತ್ತದೆ, ಆ ಮಣ್ಣಿನಲ್ಲಿ ಬಿದಿರು, ಕೇದಗೆ ಬೇರು ಬಿಡುತ್ತದೆ. ನೀರುಕಾಗೆ, ಹಾವಕ್ಕಿ ರೆಕ್ಕೆ ಒಣಗಿಸುವುದು ಆ ಒಣಕೊಂಬೆ ಮೇಲೆ. ಮೀನುಮರಿ ಅಡಗುವುದು ಅದರ ಕೆಳಗೆ. ಪಾರ್ಕಿನ ಹಾಗೆ ಗುಡಿಸಿಬಿಟ್ಟರೆ ನಾಲ್ಕು ಮಳೆಗಾಲದಲ್ಲಿ ತಿಟ್ಟು ಕರಗುತ್ತದೆ. ಪ್ಲಾಸ್ಟಿಕ್ ಕಂಡರೆ ಮಾತ್ರ ನೀವೇ ಎತ್ತಿಕೊಳ್ಳಿ.

ರಾತ್ರಿ ಉಳಿಯಬಹುದಾ?

ರಂಗನತಿಟ್ಟು, ಕುರುವಾ ಎರಡರಲ್ಲೂ ಇಲ್ಲ. ಕುರುವಾದಲ್ಲಿ ಒಳಗೆ ಬಿಡುವುದನ್ನೇ ಮಧ್ಯಾಹ್ನದ ಮೇಲೆ ನಿಲ್ಲಿಸುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತ ಗಾದೆ ಇದೆಯಲ್ಲ, ಇಲ್ಲಿ ನಡೆಯಲ್ಲ. ವಾಪಸ್ ಬರುವುದಕ್ಕೂ ಅದೇ ತೆಪ್ಪ, ಅದೇ ಜನ. ಹೇಳಿದ ಹೊತ್ತಿಗೆ ಕಡವಿನಲ್ಲಿರಿ.

ಹೋದೆವು, ದೋಣಿ ಬಂದ್ ಆಗಿದೆ. ಈಗ?

ದೋಣಿಯವರ ಜತೆ ಜಗಳ ಬೇಡ, ಅವರಿಗೂ ಅವತ್ತು ಕೆಲಸ ಇಲ್ಲ. ರಂಗನತಿಟ್ಟಿನಲ್ಲಿ ಗೇಟು ತೆರೆದಿದ್ದರೆ ದಡದ ದಾರಿಯಲ್ಲಿ ನಿಧಾನವಾಗಿ ನಡೆಯಿರಿ. ಬಿದಿರು ಮೆಳೆಯ ಹತ್ತಿರ ನಿಂತು ಮೇಲೆ ನೋಡಿ. ಒಣಗಿದ ಎಲೆಗಳ ಗೊಂಚಲು ಅಂದುಕೊಳ್ಳುತ್ತೀರಿ, ಅಷ್ಟರಲ್ಲಿ ಅದರಲ್ಲೊಂದು ರೆಕ್ಕೆ ಬಿಚ್ಚಿ ಬೀಸಣಿಗೆ ಹಾಕಿಕೊಳ್ಳುತ್ತದೆ. ದೊಡ್ಡ ಬಾವಲಿಗಳು, ತಲೆಕೆಳಗಾಗಿ, ಹಗಲೆಲ್ಲ ಒಂದನ್ನೊಂದು ಬೈದುಕೊಳ್ಳುತ್ತಾ ನೇತಾಡುತ್ತವೆ. ಟೋಪಿ ಹಾಕಿಕೊಳ್ಳಿ.